ಸಿಟ್ಟು, ಚಿಂತೆ, ಸಂಕಟ: ಓಡಿಸುವ ಮುನ್ನ ಒಮ್ಮೆ ಕೇಳಿಸಿಕೊಳ್ಳಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ದಿನ, ಫೇಲಾದ ಹುಡುಗನ ಮನೆಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಂದು ಬೈಗುಳ. ಇನ್ನೊಂದು ಈಗೀಗ ಹೆಚ್ಚು ಚಾಲ್ತಿಯಲ್ಲಿರುವುದು: ‘ಏನೂ ಆಗಿಲ್ಲ ಬಿಡು, ಪಾಸಿಟಿವ್ ಆಗಿರು.’ ಬೈಗುಳದಿಂದ ಕೇಡೆಂದು ಈಗ ಬಹುತೇಕ ಎಲ್ಲರೂ ಒಪ್ಪುತ್ತಾರೆ. ಎರಡನೆಯ ಮಾತಿನ ಕೇಡು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ.

ಆ ಹುಡುಗನೊಳಗೆ ಆಗ ಒಂದಲ್ಲ, ಮೂರು ಸಂಕಟಗಳಿರಬಹುದು. ‘ಬರೆದಷ್ಟು ಅಂಕ ಬಂದಿಲ್ಲ’ ಎಂಬ ಸಿಟ್ಟು, ‘ಮುಂದೆ ಸೀಟು ಸಿಗದಿದ್ದರೆ’ ಎಂಬ ಭಯ, ‘ಅಪ್ಪನಿಗೆ ಹೇಗೆ ಮುಖ ತೋರಿಸಲಿ’ ಎಂಬ ನಾಚಿಕೆ. ಸಿಟ್ಟಿಗೆ ಉತ್ತರವಿದೆ: ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ನೋಡಿ, ಮರುಎಣಿಕೆಯೋ ಮರುಮೌಲ್ಯಮಾಪನವೋ ಬೇಕೇ ಎಂದು ತೀರ್ಮಾನಿಸುವುದು. ಭಯಕ್ಕೂ ಉತ್ತರವಿದೆ. 2024ರಿಂದ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿರುವುದರಿಂದ, ಪರೀಕ್ಷೆ-2ಕ್ಕೆ ಹೆಸರು ನೋಂದಾಯಿಸಬೇಕು. ನಾಚಿಕೆಗೆ ಬೇಕಾದದ್ದು ಅಪ್ಪನೊಂದಿಗೆ ಒಂದು ನೇರ ಮಾತು, ಅಥವಾ ಆ ಮಾತಿಗೆ ಜೊತೆ ಕೂರುವ ಮಾವನೋ ಅಕ್ಕನೋ. ಅರ್ಜಿಗಳಿಗೆಲ್ಲ ಕೆಲವೇ ದಿನಗಳ ಗಡುವು. ‘ಏನೂ ಆಗಿಲ್ಲ’ ಎಂಬ ಸಮಾಧಾನ ಈ ಮೂರು ಬಾಗಿಲನ್ನೂ ಒಟ್ಟಿಗೇ ಮುಚ್ಚುತ್ತದೆ. ಗಡುವು ಮುಗಿದ ಮೇಲೆ ಉಳಿಯುವುದು ಹೆಸರಿಲ್ಲದ ಒಂದು ಭಾರ.

ನಕಾರಾತ್ಮಕ ಎಂದು ನಾವು ಪಕ್ಕಕ್ಕಿಡುವ ಭಾವನೆಗಳಿಗೆ ಒಂದೊಂದು ಕೆಲಸವಿದೆ, ಒಂದೊಂದು ಪ್ರಶ್ನೆಯಿದೆ. ಪ್ರಶ್ನೆ ಕೇಳಿಸುವ ಮೊದಲೇ ಬಾಯಿ ಮುಚ್ಚಿಸಿದರೆ ನಷ್ಟ. ಉತ್ತರ ಕೊಟ್ಟ ಮೇಲೂ ಕೆದಕುತ್ತಲೇ ಕೂತರೆ ಅದೂ ನಷ್ಟ. ದಿನನಿತ್ಯದ ಬದುಕಿನಲ್ಲಿ ಹೆಚ್ಚಿನ ತೊಂದರೆಯೆಲ್ಲ ಈ ಎರಡು ಕಡೆಗಳಿಂದಲೇ ಬರುತ್ತದೆ.

ಅಲಾರಾಂ ಇಷ್ಟು ಸಲ ಸುಮ್ಮನೆ ಬಡಿದುಕೊಳ್ಳುವುದೇಕೆ?

ಅಡುಗೆ ಅನಿಲಕ್ಕೆ ಸ್ವಂತದ ವಾಸನೆ ಇಲ್ಲವೆಂದೇ ಹೇಳಬೇಕು. ಸಿಲಿಂಡರ್ ಸೋರಿದಾಗ ಮೂಗಿಗೆ ಬಡಿಯುವ ಆ ಕೊಳೆತ ನಾತ ಈಥೈಲ್ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು, ಬೇಕೆಂದೇ ಬೆರೆಸಿದ್ದು. ಮಲ್ಲಿಗೆಯ ಪರಿಮಳ ಬೆರೆಸಿದ್ದರೆ ಯಾರೂ ನಿದ್ದೆಯಿಂದ ಎದ್ದು ರೆಗ್ಯುಲೇಟರ್ ನೋಡುತ್ತಿರಲಿಲ್ಲ. ಹಿತವಾಗಿರದಿರುವುದೇ ಅದರ ಉಪಯೋಗ. ಭಯ, ಅಸಹ್ಯ, ಸಂಕಟಗಳ ರಚನೆಯೂ ಇಂಥದ್ದೇ. ಅಲಕ್ಷಿಸಲು ಬಾರದಂತೆ ಅವು ರೂಪುಗೊಂಡಿವೆ. ವಾಸನೆ ಬಂದಾಗ ರೂಂ ಫ್ರೆಶ್‌ನರ್ ಹೊಡೆಯುವವರನ್ನು ಯಾರೂ ಜಾಣರೆನ್ನುವುದಿಲ್ಲ. ಮನಸ್ಸಿನ ವಿಷಯಕ್ಕೆ ಬಂದಾಗ ಮಾತ್ರ ಅದನ್ನೇ ಸಲಹೆಯೆಂದು ಹಂಚುತ್ತೇವೆ.

ಹಾಗಿದ್ದರೆ ಈ ಎಚ್ಚರಿಕೆಗಳು ಅಷ್ಟೊಂದು ಸಲ ಸುಳ್ಳಾಗುವುದೇಕೆ? ಅಮೆರಿಕದ ಮನೋವೈದ್ಯ ರ್‍ಯಾಂಡಾಲ್ಫ್ ನೆಸ್ಸಿ ಇದನ್ನು ‘ಹೊಗೆ ಪತ್ತೆ ಯಂತ್ರದ ತತ್ವ’ ಎಂದು ವಿವರಿಸಿದ್ದಾರೆ. ಲೆಕ್ಕ ಸರಳ. ರಾತ್ರಿ ಮುಂಬಾಗಿಲ ಚಿಲಕ ಹಾಕಿದೆಯೇ ಎಂದು ಎದ್ದು ನೋಡಲು 1 ನಿಮಿಷ ಬೇಕು. ಹಾಕದೇ ಇದ್ದು ಕಳ್ಳತನವಾದರೆ ಪೊಲೀಸ್ ಠಾಣೆ, ಬ್ಯಾಂಕು, ಬೀಗ ಬದಲಾವಣೆ ಎಂದು 1,000 ನಿಮಿಷ ಹಾಳಾಗುತ್ತದೆ ಎಂದಿಟ್ಟುಕೊಳ್ಳೋಣ. ಆಗ ಸಾವಿರದಲ್ಲಿ ಒಂದು ಸಲ ಮಾತ್ರ ಅನುಮಾನ ನಿಜವಾದರೂ ಎದ್ದು ನೋಡಿದ್ದಕ್ಕೆ ಮೋಸವಿಲ್ಲ. 999 ಸಲ ಸುಳ್ಳಾಗುವುದು ಆ ವ್ಯವಸ್ಥೆಯ ದೋಷವಲ್ಲ, ಅದರ ಬೆಲೆ. ಈ ಲೆಕ್ಕದಲ್ಲೇ ಮಿತಿಯೂ ಅಡಗಿದೆ. ಒಮ್ಮೆ ಎದ್ದು ನೋಡುವುದು ಎಚ್ಚರಿಕೆಗೆ ಉತ್ತರ. ಅದೇ ರಾತ್ರಿ ಐದನೇ ಸಲ ಎದ್ದರೆ ಹೊಸ ಮಾಹಿತಿ ಏನೂ ಸಿಗುತ್ತಿಲ್ಲ. ಆಗ ಗಮನ ಕೊಡಬೇಕಾದದ್ದು ಚಿಲಕಕ್ಕಲ್ಲ, ಅಲಾರಾಮಿಗೆ.

ಎಚ್ಚರಿಕೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ವೈದ್ಯಕೀಯ ದಾಖಲೆಯಲ್ಲಿ ‘ಎಸ್.ಎಂ.’ ಎಂಬ ಅಕ್ಷರಗಳಿಂದಷ್ಟೇ ಗುರುತಿಸುವ ಅಮೆರಿಕದ ಮಹಿಳೆಯ ಪ್ರಕರಣವಿದೆ. ಉರ್ಬಾಖ್-ವೀಥೆ ಎಂಬ ಅಪರೂಪದ ಕಾಯಿಲೆ ಆಕೆಯ ಮೆದುಳಿನ ಎರಡೂ ಬದಿಯಲ್ಲಿ, ಭಯ ಹುಟ್ಟಿಸುವುದರಲ್ಲಿ ಮುಖ್ಯವಾದ ಅಮಿಗ್ಡಲಾ ಎಂಬ ಭಾಗವನ್ನು ಹಾಳುಮಾಡಿತ್ತು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಶೋಧಕರು ಆಕೆಯನ್ನು ಹಾವು, ಜೇಡಗಳನ್ನು ಮಾರುವ ಅಂಗಡಿಗೆ ಕರೆದೊಯ್ದರು. ಹಾವೆಂದರೆ ತನಗಾಗದು ಎಂದು ಹೇಳುತ್ತಿದ್ದವರೇ ಅದನ್ನು ಕೈಯಲ್ಲಿ ಹಿಡಿದರು, ದೊಡ್ಡ ಅಪಾಯಕಾರಿ ಹಾವುಗಳನ್ನು ಮುಟ್ಟಬಹುದೇ ಎಂದು ಪದೇಪದೇ ಕೇಳಿದರು. ಕೇಳಲು ತಮಾಷೆಯಾಗಿದೆ. ಆದರೆ ಅದೇ ವರದಿಯ ಪ್ರಕಾರ ಆಕೆ ಚಾಕು, ಬಂದೂಕಿನ ಬೆದರಿಕೆಗೂ ಹಲ್ಲೆಗೂ ಒಳಗಾದವರು. ಅಪಾಯದ ಜಾಗದಿಂದ ಬೇರೆಯವರು ತಾವಾಗಿಯೇ ದೂರ ಸರಿಯುತ್ತಾರೆ; ಆಕೆಯ ಕಾಲು ಸರಿಯುತ್ತಿರಲಿಲ್ಲ.

ಹಣದ ನಿರ್ಧಾರಗಳಲ್ಲೂ ಇದೇ ಕಥೆ. ಆಂಟ್ವಾನ್ ಬೆಷಾರಾ, ಆಂಟೋನಿಯೊ ಡಮಾಸಿಯೊ ಮತ್ತು ಸಂಗಡಿಗರು 1994ರಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಇಸ್ಪೀಟಿನ ಪರೀಕ್ಷೆ ಇದಕ್ಕೆ ಹೆಸರುವಾಸಿ. ನಾಲ್ಕು ಕಟ್ಟುಗಳಲ್ಲಿ ಬೇಕಾದದ್ದರಿಂದ ಒಂದೊಂದಾಗಿ ನೂರು ಎಲೆ ಎತ್ತಬೇಕು. ಎರಡು ಕಟ್ಟುಗಳಲ್ಲಿ ಪ್ರತಿ ಎಲೆಗೂ 100 ಡಾಲರ್ ಬರುತ್ತದೆ, ನಡುನಡುವೆ ದೊಡ್ಡ ದಂಡ. ಹತ್ತು ಎಲೆ ಮುಗಿಯುವಷ್ಟರಲ್ಲಿ 250 ಡಾಲರ್ ನಷ್ಟ. ಉಳಿದೆರಡರಲ್ಲಿ 50 ಡಾಲರ್ ಮಾತ್ರ, ದಂಡವೂ ಚಿಕ್ಕದು. ಹತ್ತು ಎಲೆಗೆ 250 ಡಾಲರ್ ಲಾಭ. ಆರೋಗ್ಯವಂತರ ಅಂಗೈ ಕೆಟ್ಟ ಕಟ್ಟಿನತ್ತ ಕೈ ಚಾಚುವ ಮೊದಲೇ ಬೆವರತೊಡಗುತ್ತಿತ್ತು, ಕ್ರಮೇಣ ಅವರು ಅದನ್ನು ಬಿಟ್ಟರು. ಹಣೆಯ ಹಿಂದಿನ ಮೆದುಳಿನ ಕೆಳಭಾಗಕ್ಕೆ ಪೆಟ್ಟು ಬಿದ್ದವರಿಗೆ ಆ ಬೆವರೂ ಇಲ್ಲ, ಬಿಡುವ ಬುದ್ಧಿಯೂ ಇಲ್ಲ. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಅವರಿಗೇನೂ ಕೊರತೆ ಇರಲಿಲ್ಲ. ಅರಿವಿಗೆ ಬರುವ ಮೊದಲೇ ದೇಹಕ್ಕೆ ತಿಳಿಯುತ್ತದೆ ಎಂಬ ವಾದದ ಮೇಲೆ ಆಮೇಲೆ ಸಾಕಷ್ಟು ಜಗಳ ನಡೆದಿದೆ. ಅಳುಕು ಎಂಬುದು ನಿರ್ಧಾರದ ಒಂದು ಭಾಗ ಎಂಬುದು ಮಾತ್ರ ನಿಂತಿದೆ.

ಅದುಮಿದ್ದು ಎಲ್ಲಿಗೆ ಹೋಗುತ್ತದೆ?

ಸ್ಟ್ಯಾನ್‌ಫರ್ಡ್‌ನ ಮನೋವಿಜ್ಞಾನಿ ಜೇಮ್ಸ್ ಗ್ರಾಸ್ ಮತ್ತು ಜೊತೆಗಾರರು 1990ರ ದಶಕದಿಂದ ನಡೆಸಿದ ಪ್ರಯೋಗಗಳಲ್ಲಿ ಜನರಿಗೆ ಅಸಹ್ಯ ಅಥವಾ ದುಃಖ ತರಿಸುವ ಚಿತ್ರ ತೋರಿಸಿ, ಕೆಲವರಿಗೆ ‘ಮುಖದಲ್ಲಿ ಏನೂ ಕಾಣಬಾರದು’ ಎಂದು ಹೇಳಲಾಯಿತು. ಮುಖ ಮಾತು ಕೇಳಿತು. ಒಳಗಿನ ಭಾವನೆ ಇಳಿಯಲಿಲ್ಲ, ದೇಹದ ಒತ್ತಡದ ಲಕ್ಷಣಗಳು ಏರಿದವು. 2000ದ ಇನ್ನೊಂದು ಅಧ್ಯಯನದಲ್ಲಿ, ಹಾಗೆ ಅದುಮಿಕೊಂಡವರಿಗೆ ಆ ಹೊತ್ತಿನಲ್ಲಿ ನಡೆದ ವಿವರಗಳೇ ಸರಿಯಾಗಿ ನೆನಪಿನಲ್ಲಿ ಉಳಿಯಲಿಲ್ಲ. ಮೀಟಿಂಗಿನಲ್ಲಿ ಹಲ್ಲು ಕಚ್ಚಿ ಕೂತವರು ಹೊರಗೆ ಬಂದು ‘ಅವರು ಕೊನೆಗೆ ಹೇಳಿದ್ದೇನು?’ ಎಂದು ಪಕ್ಕದವರನ್ನು ಕೇಳುವುದಕ್ಕೆ ಕಾರಣ ಇದೇ ಇರಬಹುದು. 2003ರ ಅಧ್ಯಯನ ಇನ್ನೂ ಕುತೂಹಲದ್ದು: ಇಬ್ಬರು ಮಾತಾಡುವಾಗ ಒಬ್ಬರು ಭಾವನೆ ಮುಚ್ಚಿಟ್ಟರೆ ಎದುರಿಗೆ ಕೂತವರ ರಕ್ತದೊತ್ತಡವೂ ಏರಿತು.

ಇಲ್ಲಿ ಒಂದು ತಿದ್ದುಪಡಿ ಬೇಕು. ಈ ಪ್ರಯೋಗಗಳಲ್ಲಿ ಬಹುಪಾಲು ಅಮೆರಿಕದವು. ಏಷ್ಯಾದ ಮೌಲ್ಯಗಳನ್ನು ರೂಢಿಸಿಕೊಂಡವರಲ್ಲಿ ಅದುಮುವುದರ ಸಾಮಾಜಿಕ ನಷ್ಟ ಕಡಿಮೆ ಎಂದು ಅದೇ ಸಂಶೋಧಕರ ಗುಂಪು 2007ರಲ್ಲಿ ತೋರಿಸಿತು. ಹಿರಿಯರ ಮುಂದೆ ದನಿ ಏರಿಸದಿರುವುದು ಮರ್ಯಾದೆ ಎಂದು ಬೆಳೆದವರಿಗೆ ಆ ಹೊತ್ತಿನ ಮೌನ ಹೊರೆಯಾಗಬೇಕಿಲ್ಲ. ಆ ಮೌನ ಸಂಜೆಯೂ ಮುಂದುವರಿದು, ಮರುವಾರವೂ ಮುಂದುವರಿದು, ಯಾರಿಗೂ ಯಾವತ್ತೂ ಹೇಳದೆ ಹೋಗುವುದು ಬೇರೆಯೇ ಸಂಗತಿ.

ದುಃಖದ ಮೇಲೆ ಇನ್ನೊಂದು ದುಃಖ ಹೇರಿಕೊಳ್ಳುವುದೂ ಇದೆ. ಬ್ರಾಕ್ ಬಾಸ್ಟಿಯನ್ ಮತ್ತು ಸಂಗಡಿಗರು 2012ರಲ್ಲಿ ಗಮನಿಸಿದಂತೆ, ‘ನಾನು ಬೇಸರದಲ್ಲಿರಬಾರದು ಎಂದು ಸುತ್ತಲಿನವರು ಬಯಸುತ್ತಾರೆ’ ಎಂದು ಹೆಚ್ಚು ನಂಬಿದವರು ಹೆಚ್ಚು ಬೇಸರಪಡುತ್ತಿದ್ದರು. ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ದಿನಾ ಬೆಳಗ್ಗೆ ಬರುವ ನಗುಮುಖದ ಸುಪ್ರಭಾತ ಯಾರಿಗೆ ಏನು ಮಾಡುತ್ತದೆ ಎಂದು ಯೋಚಿಸಬೇಕಾದ್ದು ಇಲ್ಲೇ. ಇನ್ನೊಂದೆಡೆ, ಬ್ರೆಟ್ ಫೋರ್ಡ್, ಐರಿಸ್ ಮಾಸ್ ಮತ್ತಿತರರ 2018ರ ಅಧ್ಯಯನದಲ್ಲಿ ಭಾವನೆ ಬಂದಾಗ ಅದಕ್ಕೆ ತೀರ್ಪು ಕೊಡದೆ ಬರಗೊಡುವವರ ಮಾನಸಿಕ ಆರೋಗ್ಯ ಉತ್ತಮವಾಗಿತ್ತು.

ಚಿಂತೆಗೆ ಹೊತ್ತು, ಜಾಗ, ಕಾಗದ

ಚಿಂತೆ ಮುಂದಿನದನ್ನು ಕುರಿತದ್ದು. ಅದು ಕೇಳುವ ಪ್ರಶ್ನೆ: ‘ಇದಕ್ಕೆ ಸಿದ್ಧತೆ ಆಗಿದೆಯೇ?’ ಉತ್ತರ ಸಿಗುವವರೆಗೂ ಅದು ಬಾಗಿಲು ತಟ್ಟುತ್ತದೆ, ಅದರಲ್ಲೂ ದೀಪ ಆರಿಸಿದ ಮೇಲೆ. ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪರೀಕ್ಷಿಸಿದ ಉಪಾಯ ಇಂದಿಗೂ ಚಿಕಿತ್ಸಕರ ಕೈಯಲ್ಲಿದೆ. ಚಿಂತಿಸಬೇಡ ಎನ್ನುವ ಬದಲು, ದಿನಕ್ಕೆ 30 ನಿಮಿಷ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಕೂತು ಚಿಂತಿಸು ಎನ್ನುವುದು.

ಮಾಡುವ ಕ್ರಮ ಹೀಗೆ. ಸಂಜೆ 6ರಿಂದ 6.30ರಂತೆ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ಮಲಗುವುದಕ್ಕೆ ಕನಿಷ್ಠ ಎರಡು ಮೂರು ಗಂಟೆ ಮೊದಲು ಮುಗಿಯಬೇಕು. ಹಾಸಿಗೆ, ದಿವಾನ, ಊಟದ ಮೇಜು ಬೇಡ. ಆ ಜಾಗಕ್ಕೆ ಚಿಂತೆ ಅಂಟಿಕೊಳ್ಳುತ್ತದೆ. ಹಗಲಿನಲ್ಲಿ ಚಿಂತೆ ಬಂದಾಗ ಎರಡು ಮೂರು ಪದಗಳಲ್ಲಿ ಗೀಚಿಟ್ಟು ‘ಆರು ಗಂಟೆಗೆ’ ಎಂದು ಮುಂದೂಡಿ. ಆರಕ್ಕೆ ಕೂತು ಒಂದೊಂದನ್ನೂ ಎರಡು ಕಾಲಂಗೆ ಹಾಕಿ: ನನ್ನ ಕೈಯಲ್ಲಿ ಏನಾದರೂ ಇದೆ, ಏನೂ ಇಲ್ಲ. ಮೊದಲ ಕಾಲಂನ ಪ್ರತಿಯೊಂದರ ಮುಂದೆ ಒಂದು ಕ್ರಿಯೆ, ಒಂದು ದಿನಾಂಕ. ‘ಅಮ್ಮನ ಆರೋಗ್ಯ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಗುರುವಾರ ಸಕ್ಕರೆ ಪರೀಕ್ಷೆ, ಬುಧವಾರ ರಾತ್ರಿಯಿಂದ ಉಪವಾಸ, ಹಳೆಯ ರಿಪೋರ್ಟು ಕವರಿಗೆ’ ಎಂದು ಬರೆದರೆ ಚಿಂತೆಗೆ ಕೆಲಸ ಸಿಕ್ಕಿತು. ಎರಡನೆಯ ಕಾಲಂನವನ್ನು ಓದಿ ಬಿಡುವುದು. ಹೊತ್ತು ಮುಗಿದರೆ ಎದ್ದುಬಿಡಬೇಕು, ಉಳಿದದ್ದು ನಾಳೆಗೆ.

ಇದು ಕೈಕೊಡುವುದು ಸಾಮಾನ್ಯವಾಗಿ ಮೊದಲ ವಾರದಲ್ಲಿ. ಮುಂದೂಡಿದರೂ ಚಿಂತೆ ಮರಳಿ ಬರುತ್ತದೆ, ‘ನನಗೆ ಇದು ಆಗದು’ ಎಂದು ಕೈಬಿಡುತ್ತಾರೆ. ಮರಳಿ ಬರುವುದು ಸಹಜ. ಡೇನಿಯಲ್ ವೆಗ್ನರ್ 1987ರ ಪ್ರಯೋಗದಲ್ಲಿ ‘ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ’ ಎಂದಾಗ ಜನರ ಯೋಚನೆಗೆ ಮತ್ತೆ ಮತ್ತೆ ಕರಡಿಯೇ ಬಂದಿತ್ತು. ಇಲ್ಲಿ ಓಡಿಸುತ್ತಿಲ್ಲ, ಹೊತ್ತು ಬದಲಿಸುತ್ತಿದ್ದೇವೆ ಅಷ್ಟೆ. ಎರಡರಿಂದ ನಾಲ್ಕು ವಾರ ಬಿಡದೆ ಮಾಡಿ ನೋಡಬೇಕು. ಇನ್ನೊಂದು ತಪ್ಪು, ‘ಹಾಗಾದರೆ? ಹಾಗಾದರೆ?’ ಎಂದು ಸರಪಳಿ ಹೆಣೆಯುವುದು. ಮೂರನೆಯ ‘ಹಾಗಾದರೆ’ಗೆ ನಿಲ್ಲಿಸಿ ‘ಆದರೆ ಏನು ಮಾಡುತ್ತೇನೆ’ ಎಂದು ಬರೆದರೆ ಸರಪಳಿ ತುಂಡಾಗುತ್ತದೆ.

ಭಯವನ್ನು ಯಾರೋ ತಯಾರಿಸಿ ಕೊಟ್ಟಾಗ

ಭಯ ಉಪಯುಕ್ತ ಎಂದಾಕ್ಷಣ ಅದು ಹೇಳಿದಂತೆ ಕುಣಿಯಬೇಕೆಂದಲ್ಲ. ‘ಡಿಜಿಟಲ್ ಅರೆಸ್ಟ್’ ವಂಚನೆ ಇದನ್ನು ಬಹಳ ಚೆನ್ನಾಗಿ ಅರಿತಿದೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಕ್ಯಾಮೆರಾ ಆಫ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ ಎನ್ನುವ ವಿಡಿಯೊ ಕರೆಗೆ ಓದಿಕೊಂಡವರು, ನಿವೃತ್ತ ಅಧಿಕಾರಿಗಳೇ ಬಲಿಯಾಗಿದ್ದಾರೆ. ಭಾರತದ ಯಾವ ಕಾನೂನಿನಲ್ಲೂ ಇಂಥ ಬಂಧನವಿಲ್ಲ.

ಇದರ ಯಂತ್ರ ಬಿಚ್ಚಿ ನೋಡಿದರೆ ಎರಡು ಭಾವನೆಗಳು ಕಾಣುತ್ತವೆ. ಮುಂದೆ ದೊಡ್ಡ ಭಯ, ಹಿಂದೆ ಸಣ್ಣ ಅನುಮಾನ. ವಂಚಕರು ಭಯದ ದನಿ ಏರಿಸುವುದೇ ಅನುಮಾನದ ದನಿ ಕೇಳದಿರಲಿ ಎಂದು. ಅವಸರ, ಒಂಟಿತನ ಎರಡೂ ಅದಕ್ಕೆ ಬೇಕು. ಆದ್ದರಿಂದ ಮುರಿಯಬೇಕಾದದ್ದೂ ಅವೆರಡನ್ನೇ. ಕರೆ ಕತ್ತರಿಸಿ. ಹತ್ತು ನಿಮಿಷ ಫೋನು ಮೇಜಿನ ಮೇಲಿಟ್ಟು ಬೇರೆ ಕೋಣೆಗೆ ಹೋಗಿ. ಮನೆಯ ಒಬ್ಬರಿಗೆ ನಡೆದದ್ದನ್ನು ಗಟ್ಟಿಯಾಗಿ ಹೇಳಿ. ಎಷ್ಟೋ ಸಲ ಹೇಳುತ್ತಿರುವಾಗಲೇ ಕಥೆ ಹಾಸ್ಯಾಸ್ಪದವೆನಿಸುತ್ತದೆ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುತ್ತದೆ. ಇಲ್ಲಿ ಅಡ್ಡಬರುವುದು ನಾಚಿಕೆ: ‘ನನ್ನಂಥವನು ಮೋಸಹೋದೆನೇ’ ಎಂದು ಎರಡು ದಿನ ಬಾಯಿ ಬಿಡದೆ ಕೂರುವುದು.

ನಿಜವಾದ ಭಯಕ್ಕೂ ತಯಾರಿಸಿದ ಭಯಕ್ಕೂ ಒಂದು ಒರೆಗಲ್ಲು ಇದೆ. ಬೇರೆಯವರನ್ನು ಕೇಳಿದರೆ ಅಪಾಯ ಹೆಚ್ಚುತ್ತದೆ ಎಂದು ಹೇಳುವ ಭಯವನ್ನು ಮೊದಲು ಅನುಮಾನಿಸಬೇಕು.

ಸಿಟ್ಟು: ಮೊದಲು ಉಸಿರು, ಆಮೇಲೆ ವಾಕ್ಯ

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಅದು ಮೂಗಿನ ಬಗ್ಗೆ ಎಚ್ಚರಿಸುತ್ತದೆ, ಸಿಟ್ಟು ಬಂದದ್ದೇಕೆ ಎಂಬುದರ ಬಗ್ಗೆ ಸುಮ್ಮನಿದೆ. ಅನ್ಯಾಯ, ಅವಮಾನ, ಅಡ್ಡಿ ಈ ಮೂರರಲ್ಲೊಂದು ಸಿಟ್ಟಿನ ಬುಡದಲ್ಲಿ ಇದ್ದೇ ಇರುತ್ತದೆ. ಸಿಟ್ಟೇ ಬಾರದವರ ಸಂಬಳ ವರ್ಷಗಟ್ಟಲೆ ಏರದಿರುವುದನ್ನೂ, ಬಾಡಿಗೆ ಮುಂಗಡ ಮರಳಿ ಬಾರದಿರುವುದನ್ನೂ ನೋಡುತ್ತಲೇ ಇದ್ದೇವೆ.

ಸಿಟ್ಟನ್ನು ‘ಹೊರಹಾಕಿದರೆ’ ಹಗುರಾಗುತ್ತದೆ ಎಂಬುದು ಜನಪ್ರಿಯ ನಂಬಿಕೆ. ಅದು ತಪ್ಪು. ಮನೋವಿಜ್ಞಾನಿ ಬ್ರಾಡ್ ಬುಷ್ಮನ್ 2002ರಲ್ಲಿ ಇದನ್ನು ಪರೀಕ್ಷಿಸಿದರು. ತಮ್ಮ ಬರಹವನ್ನು ಹೀಗಳೆದವರ ಮೇಲೆ ಸಿಟ್ಟಾಗಿದ್ದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಆ ವ್ಯಕ್ತಿಯನ್ನು ನೆನೆಯುತ್ತ ಪಂಚಿಂಗ್ ಬ್ಯಾಗ್ ಗುದ್ದಲು ಹೇಳಿದರು. ಅವರ ಸಿಟ್ಟು ಏರಿತು. ಸುಮ್ಮನೆ ಕೂತವರೇ ಅವರಿಗಿಂತ ಬೇಗ ತಣ್ಣಗಾದರು. ಸೋಫಿ ಕ್ಯಾರ್ವಿಕ್ ಮತ್ತು ಬುಷ್ಮನ್ 2024ರಲ್ಲಿ 154 ಅಧ್ಯಯನಗಳನ್ನು, ಒಟ್ಟು 10,189 ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದಾಗ ಬಂದ ಉತ್ತರವೂ ಅದೇ: ದೇಹದ ಕಾವು ಇಳಿಸುವ ಆಳ ಉಸಿರಾಟ, ಧ್ಯಾನ, ಸ್ನಾಯು ಸಡಿಲಿಸುವಿಕೆ ಸಿಟ್ಟು ತಗ್ಗಿಸುತ್ತವೆ; ಕಾವು ಏರಿಸುವವು ತಗ್ಗಿಸುವುದಿಲ್ಲ. ಓಟ ಹೃದಯಕ್ಕೆ ಒಳ್ಳೆಯದು, ಆ ಹೊತ್ತಿನ ಸಿಟ್ಟಿಗಲ್ಲ. ದುಡ್ಡು ಕೊಟ್ಟು ಪಾತ್ರೆ, ಟಿವಿ ಒಡೆಯುವ ‘ರೇಜ್ ರೂಂ’ಗಳು ನಗರಗಳಿಗೆ ಬಂದಿವೆ. ಮೋಜಿಗೆ ಹೋಗಬಹುದು, ಔಷಧಿಯೆಂದು ಹೋಗಬಾರದು.

ಹಾಗಾಗಿ ಎರಡು ಹಂತ. ಮೊದಲನೆಯದು ದೇಹದ್ದು. ನಾಲ್ಕೈದು ಸೆಕೆಂಡು ಒಳಗೆ, ಐದಾರು ಸೆಕೆಂಡು ಹೊರಗೆ, ನಿಮಿಷಕ್ಕೆ ಸುಮಾರು ಆರು ಉಸಿರು, ಐದು ನಿಮಿಷ. ಜೋರಾಗಿ ಎಳೆದರೆ ತಲೆ ಸುತ್ತುತ್ತದೆ, ಮೆಲ್ಲಗೆ ಮಾಡಬೇಕು. ಇಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು. ‘ಶಾಂತವಾದೆ’ ಎಂದು ಸುಮ್ಮನಾದರೆ ಅನ್ಯಾಯ ಇದ್ದಲ್ಲೇ ಇರುತ್ತದೆ, ಮುಂದಿನ ತಿಂಗಳು ಅದೇ ಸಿಟ್ಟು ಬಡ್ಡಿ ಸಮೇತ ಬರುತ್ತದೆ.

ಎರಡನೆಯದು ವಾಕ್ಯದ್ದು. ಅದರಲ್ಲಿ ನಾಲ್ಕು ಭಾಗ: ನಡೆದದ್ದು, ಅದರಿಂದಾದದ್ದು, ಬೇಕಾದದ್ದು, ಯಾವಾಗ. ‘ಮಂಗಳವಾರದ ವರದಿಯಲ್ಲಿ ಮೂರನೇ ಅಧ್ಯಾಯ ನಾನು ಬರೆದದ್ದು, ನನ್ನ ಹೆಸರಿಲ್ಲ. ವಾರ್ಷಿಕ ಮೌಲ್ಯಮಾಪನಕ್ಕೆ ಅದೇ ನನ್ನ ಮುಖ್ಯ ಕೆಲಸ. ಶುಕ್ರವಾರದೊಳಗೆ ತಿದ್ದಿದ ಪ್ರತಿ ಎಲ್ಲರಿಗೂ ಹೋಗಬೇಕು.’ ‘ನೀವು ಯಾವಾಗಲೂ ಹೀಗೇ’ ಎಂಬುದು ಸೇರಿಕೊಂಡರೆ ಕೆಟ್ಟಿತು. ಎದುರಿನವರು ‘ಯಾವಾಗಲೂ’ ಎಂಬುದನ್ನು ಅಲ್ಲಗಳೆಯಲು ಹೊರಡುತ್ತಾರೆ, ಅಧ್ಯಾಯದ ಮಾತು ಮರೆತುಹೋಗುತ್ತದೆ. ರಾತ್ರಿ ಹತ್ತರ ಮೇಲೆ ಬರೆದ ವಾಟ್ಸ್‌ಆ್ಯಪ್ ಸಂದೇಶವನ್ನು ಬೆಳಗ್ಗೆಯವರೆಗೆ ಕಳಿಸದಿರುವುದು ಒಳ್ಳೆಯ ನಿಯಮ. ಬೆಳಗ್ಗೆ ಓದಿದಾಗಲೂ ಅರ್ಧದಷ್ಟು ವಾಕ್ಯ ಉಳಿದರೆ ಅದು ಹೇಳಬೇಕಾದದ್ದೇ.

ದಿಕ್ಕಿನ ಬಗ್ಗೆಯೂ ಒಂದು ಮಾತು. ಮೇಲಧಿಕಾರಿ ಹುಟ್ಟಿಸಿದ ಸಿಟ್ಟು ಮನೆಗೆ ಬಂದು ಮಗುವಿನ ಹೋಂವರ್ಕ್ ಮೇಲೆ ಇಳಿಯುತ್ತದೆ. ನಮ್ಮ ಮನೆಗಳಲ್ಲಿ ಸಿಟ್ಟು ಮಾಡಿಕೊಳ್ಳುವ ಹಕ್ಕು ಎಲ್ಲರಿಗೂ ಒಂದೇ ಸಮ ಹಂಚಿಕೆಯಾಗಿಲ್ಲ. ಯಜಮಾನನದು ‘ಸ್ವಭಾವ’, ಸೊಸೆಯದು ‘ಸೊಕ್ಕು’, ಮಗುವಿನದು ‘ಹಟ’. ಒಂದೇ ಭಾವನೆಗೆ ಆಳು ನೋಡಿ ಹೆಸರಿಡುವ ಮನೆಯಲ್ಲಿ, ಕೆಳಗಿನವರ ಸಿಟ್ಟು ಏನು ಹೇಳಲು ಹೊರಟಿತ್ತು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ.

ಉಳಿದವು

ತಪ್ಪಿತಸ್ಥ ಭಾವವೂ ನಾಚಿಕೆಯೂ ಒಂದೇ ಕುಟುಂಬದವಾದರೂ ಕೆಲಸ ಬೇರೆ. ಜೂನ್ ಟ್ಯಾಂಗ್ನಿ ಅವರ ದೀರ್ಘಕಾಲದ ಸಂಶೋಧನೆ ತೋರಿಸಿದ್ದು ಇದನ್ನೇ: ‘ಕೆಟ್ಟ ಕೆಲಸ ಮಾಡಿದೆ’ ಎಂಬುದು ಸರಿಪಡಿಸಲು ನೂಕುತ್ತದೆ, ‘ಕೆಟ್ಟವನು ನಾನು’ ಎಂಬುದು ಅಡಗಿಕೊಳ್ಳಲು. ಮಗು ತಮ್ಮನನ್ನು ಹೊಡೆದಾಗ ‘ಹೊಡೆದದ್ದು ತಪ್ಪು, ಅವನಿಗೆ ನೋವಾಗಿದೆ, ಈಗ ಏನು ಮಾಡ್ತೀಯ?’ ಎನ್ನುವುದಕ್ಕೂ ‘ನೀನು ಇರೋದೇ ಹೀಗೆ’ ಎನ್ನುವುದಕ್ಕೂ ಫಲ ಬೇರೆ. ದೊಡ್ಡವರ ಕ್ಷಮೆಯಾಚನೆ ಕೆಡುವುದು ಹೆಚ್ಚಾಗಿ ‘ನಿಮಗೆ ಬೇಸರವಾಗಿದ್ದರೆ’ ಎಂಬ ಸೇರ್ಪಡೆಯಿಂದ. ಮಾಡಿದ್ದನ್ನು ಹೆಸರಿಸಿ, ಆದ ನಷ್ಟ ಒಪ್ಪಿ, ತುಂಬಿಕೊಡುವುದನ್ನು ಹೇಳಿ ನಿಲ್ಲಿಸಬೇಕು.

ಹೊಟ್ಟೆಕಿಚ್ಚು ಏನು ಬೇಕು ಎಂಬುದನ್ನು ತೋರಿಸಿಕೊಡುತ್ತದೆ. ಗೆಳತಿಯ ವಿದೇಶ ಪ್ರವಾಸದ ಫೋಟೊ ನೋಡಿ ಉರಿದದ್ದು ಪ್ರವಾಸಕ್ಕೋ, ಆಕೆಗೆ ಸಿಕ್ಕ ರಜೆಗೋ, ಜೊತೆಗಿದ್ದವರಿಗೋ ಎಂದು ಒಂದು ನಿಮಿಷ ವಿಚಾರಿಸಿದರೆ ಸಾಕು. ಅವಳಿಂದ ಕಿತ್ತುಕೊಳ್ಳಬೇಕು ಅನಿಸಿದರೆ ಮಾತ್ರ ಅದು ಬೇರೆ ಜಾತಿಯ ಕಿಚ್ಚು.

ದುಃಖ ನಿಧಾನಿಸುತ್ತದೆ, ಜನರನ್ನು ಹತ್ತಿರ ಕರೆಯುತ್ತದೆ. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಮೂರನೇ ದಿನ ಹಾಲು-ತುಪ್ಪ, ಹನ್ನೊಂದಕ್ಕೆ ತಿಥಿ. ಇನ್ನು ಕೆಲವರಲ್ಲಿ ಹದಿಮೂರಕ್ಕೆ ವೈಕುಂಠ ಸಮಾರಾಧನೆ, ತಿಂಗಳಿಗೆ ಮಾಸಿಕ, ವರ್ಷಕ್ಕೆ ವರ್ಷಾಂತಿಕ. ನಂಬಿಕೆಯ ಮಾತು ಹಾಗಿರಲಿ, ಜನ ಮನೆಗೆ ಬರಲು ಇವು ಗೊತ್ತಾದ ದಿನಗಳು, ಸತ್ತವರ ಹೆಸರು ಎತ್ತಲು ಸಿಕ್ಕ ಅನುಮತಿ. ಕೆಲವೇ ದಿನದ ರಜೆ ಮುಗಿಸಿ ಲ್ಯಾಪ್‌ಟಾಪ್ ತೆರೆಯುವವರಿಗೆ ಇವು ತಪ್ಪಿಹೋದರೆ, ತಿಂಗಳಿಗೊಮ್ಮೆ ಅಣ್ಣತಮ್ಮಂದಿರಿಗೆ ಒಂದು ಫೋನನ್ನಾದರೂ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಈ ಎಲ್ಲಕ್ಕೂ ಮೊದಲು ಇದು ಯಾವ ಭಾವನೆ ಎಂದು ತಿಳಿಯಬೇಕಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಶೋಕ, ಕ್ರೋಧ, ಭಯ, ಜುಗುಪ್ಸೆಗಳು ನೆಲೆಯಾಗಿ ನಿಲ್ಲುವ ಎಂಟು ಸ್ಥಾಯಿಭಾವಗಳ ಅರ್ಧದಷ್ಟು ಜಾಗ ಹಿಡಿದಿವೆ. ಮೇಲೆ ಬಂದುಹೋಗುವ 33 ಸಂಚಾರಿಭಾವಗಳು: ಶಂಕೆ, ಅಸೂಯೆ, ಚಿಂತೆ, ವಿಷಾದ, ಅವಮಾನ ಸಹಿಸದ ಅಮರ್ಷ, ಭಾವವನ್ನೇ ಮರೆಮಾಚುವ ಅವಹಿತ್ಥ. ನಮ್ಮ ಇಂದಿನ ಮಾತಿನಲ್ಲಿ ಇವೆಲ್ಲ ‘ಟೆನ್ಷನ್’ ಅಥವಾ ‘ಬೇಜಾರು’. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತಿತರರ ಸಂಶೋಧನೆ ಹೇಳುವಂತೆ ಭಾವನೆಗಳನ್ನು ಸೂಕ್ಷ್ಮವಾಗಿ ಬೇರ್ಪಡಿಸಬಲ್ಲವರು ಅವನ್ನು ನಿಭಾಯಿಸುವುದರಲ್ಲೂ ಮುಂದು. 2012ರ ಪ್ರಯೋಗವೊಂದರಲ್ಲಿ ಜೇಡಕ್ಕೆ ಹೆದರುವ 88 ಜನರನ್ನು ಜೀವಂತ ಜೇಡದ ಎದುರು ನಿಲ್ಲಿಸಿದಾಗ, ‘ಈ ಜೇಡ ನೋಡಿದರೆ ಭಯ, ಹೇಸಿಗೆ’ ಎಂದು ಬಾಯಿಬಿಟ್ಟು ಹೇಳಿದವರ ದೇಹ, ‘ಅದೇನೂ ಮಾಡುವುದಿಲ್ಲ’ ಎಂದು ಸಮಾಧಾನ ಹೇಳಿಕೊಂಡವರಿಗಿಂತ ವಾರದ ಬಳಿಕ ಶಾಂತವಾಗಿತ್ತು. ‘ಟೆನ್ಷನ್’ ಎಂದು ನಾಲಗೆಗೆ ಬಂದಾಗ ಅದರ ಜಾಗದಲ್ಲಿ ಇನ್ನೆರಡು ಪದ ಹುಡುಕಿ ಬರೆಯುವುದು ಅರ್ಧ ನಿಮಿಷದ ಕೆಲಸ.

ಸಂಕೇತ ಕೆಟ್ಟಾಗ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅಪಾಯವಿದೆ: ಖಿನ್ನತೆಗೂ ‘ಇದರಿಂದ ಏನೋ ಕಲಿಯಬೇಕು’ ಎಂದು ಉಪದೇಶ ಮಾಡುವುದು. ದಿನದ ಹೆಚ್ಚಿನ ಹೊತ್ತು, ಬಹುತೇಕ ಪ್ರತಿದಿನ, ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿದ್ದರೆ, ಹಿಂದೆ ಹಿಡಿಸಿದ್ದು ಯಾವುದೂ ಹಿಡಿಸದಿದ್ದರೆ, ನಿದ್ದೆ, ಹಸಿವು ಕೆಟ್ಟಿದ್ದರೆ ಅದು ಚಿಕಿತ್ಸೆಯ ವಿಷಯ. ವೈದ್ಯರು ಬಳಸುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 10 ಅಥವಾ ಹೆಚ್ಚು ಬಂದರೆ ಮುಂದಿನ ತಪಾಸಣೆ ಬೇಕು. ಸಾವಿನ ಯೋಚನೆ ಬಂದರೆ ಅಂಕ ಎಣಿಸುತ್ತ ಕೂರುವ ಹಾಗಿಲ್ಲ, ಅಂದೇ ನೆರವು ಪಡೆಯಬೇಕು. ಆಪ್ತರ ಸಾವಿನ ಶೋಕ ಎಷ್ಟು ದಿನ ಎಂಬುದಕ್ಕೂ ವೈದ್ಯಲೋಕ ಆತುರಪಟ್ಟಿಲ್ಲ: ಬದುಕನ್ನೇ ನಿಲ್ಲಿಸುವಷ್ಟು ತೀವ್ರವಾಗಿ ಉಳಿದರೂ ಅದನ್ನು ಕಾಯಿಲೆ ಎನ್ನುವ ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಕನಿಷ್ಠ 6 ತಿಂಗಳು, ಅಮೆರಿಕದ ಮನೋರೋಗ ಕೈಪಿಡಿ ಡಿಎಸ್‌ಎಂ-5-ಟಿಆರ್ ವಯಸ್ಕರಿಗೆ ಕನಿಷ್ಠ 12 ತಿಂಗಳು ಕಾಯುತ್ತದೆ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಚಿಂತನೆಗೂ ಕೆದಕುವಿಕೆಗೂ ಗೆರೆ ಎಲ್ಲಿ ಎಂದು ಕೇಳುವವರಿಗೆ ಒಂದು ಒರಟು ಅಳತೆ ಇದೆ. ಹದಿನೈದು ಇಪ್ಪತ್ತು ನಿಮಿಷ ಕೂತ ಮೇಲೆ ಕಾಗದದಲ್ಲಿ ಹೊಸದೊಂದು ಸಾಲು ಸೇರದಿದ್ದರೆ ಎದ್ದು ಬೇರೆ ಕೆಲಸ ಹಿಡಿಯಬೇಕು.

ಅಳುಕಿಗೆ ಒಂದು ಕುರ್ಚಿ

ಸಂತೋಷದ ಹೊತ್ತಿನಲ್ಲೇ ನಕಾರಾತ್ಮಕ ಭಾವನೆಯ ಬೆಲೆ ಹೆಚ್ಚು. ಬೆಂಗಳೂರಿನ ಹೊರವಲಯದಲ್ಲಿ ಸೈಟು ಕೊಳ್ಳಲು ಹೊರಟ ಕುಟುಂಬವನ್ನೇ ನೋಡಿ. ಎಲ್ಲರೂ ಹಿಗ್ಗಿನಲ್ಲಿದ್ದಾರೆ, ಒಬ್ಬರಿಗೆ ಮಾತ್ರ ಏನೋ ಕಸಿವಿಸಿ. ‘ಶುಭ ಕಾರ್ಯಕ್ಕೆ ಅಪಶಕುನ ನುಡೀಬೇಡ’ ಎಂದು ಅವರ ಬಾಯಿ ಮುಚ್ಚಿಸಲಾಗುತ್ತದೆ. ಮನೋವಿಜ್ಞಾನಿ ಗ್ಯಾರಿ ಕ್ಲೈನ್ 2007ರಲ್ಲಿ ವ್ಯವಹಾರಸ್ಥರಿಗೆ ಪರಿಚಯಿಸಿದ ‘ಪ್ರಿಮಾರ್ಟಂ’ ವಿಧಾನ ಈ ಕಸಿವಿಸಿಗೆ ಅಧಿಕೃತ ಜಾಗ ಕೊಡುತ್ತದೆ. ಮುಂಗಡ ಕೊಡುವ ಮೊದಲು ಎಲ್ಲರೂ ಕೂರಬೇಕು. ಎರಡು ವರ್ಷ ಕಳೆದಿದೆ, ಈ ಖರೀದಿ ಪೂರ್ತಿ ಹಾಳಾಗಿದೆ ಎಂದು ಊಹಿಸಬೇಕು. ಯಾಕೆ ಹಾಳಾಯಿತು ಎಂದು ಪ್ರತಿಯೊಬ್ಬರೂ ಮೂರು ನಿಮಿಷ ಮಾತಿಲ್ಲದೆ ಬರೆಯಬೇಕು. ಆಮೇಲೆ ಒಬ್ಬರು ಒಂದರಂತೆ ಓದುತ್ತ ಸುತ್ತು ಬರಬೇಕು. ಓದುವಾಗ ಯಾರೂ ಉತ್ತರ ಕೊಡಬಾರದು.

ಬರುವ ಕಾರಣಗಳು ಆಶ್ಚರ್ಯಪಡುವಷ್ಟು ನಿಖರವಾಗಿರುತ್ತವೆ. ಮಾರುವವರ ತಂಗಿಯ ಸಹಿ ಇರಲಿಲ್ಲ. ಋಣಭಾರ ಪ್ರಮಾಣಪತ್ರವನ್ನು 30 ವರ್ಷಕ್ಕೆ ತೆಗೆಸದೆ 13 ವರ್ಷಕ್ಕೆ ತೆಗೆಸಿದೆವು. ಇ-ಖಾತಾ ‘ಬರುತ್ತೆ’ ಎಂದು ಮಧ್ಯವರ್ತಿ ಹೇಳಿದ್ದನ್ನು ನಂಬಿದೆವು. ಭೂಪರಿವರ್ತನೆ ಆದೇಶದ ಸರ್ವೆ ನಂಬರೂ ಕ್ರಯಪತ್ರದ್ದೂ ಬೇರೆ ಇತ್ತು. ರಾಜಕಾಲುವೆಯ ಅಂಚು ಎಷ್ಟು ದೂರ ಎಂದು ಅಳೆಯಲಿಲ್ಲ. ಬಂದ ಪ್ರತಿಯೊಂದಕ್ಕೂ ಒಂದು ದಾಖಲೆ, ಅದನ್ನು ತರುವವರ ಹೆಸರು, ಒಂದು ದಿನಾಂಕ ಬರೆದುಕೊಂಡರೆ ವಕೀಲರ ಬಳಿ ಹೋಗಲು ಪಟ್ಟಿ ಸಿದ್ಧ.

ಇದು ಕೆಡುವ ಬಗೆ ಒಂದೇ. ಮನೆಯ ಹಿರಿಯರೋ, ಹಣ ಹಾಕುವವರೋ ಮೊದಲು ಓದಿದರೆ ಉಳಿದವರ ಚೀಟಿಗಳೆಲ್ಲ ಆ ಚೀಟಿಯ ನಕಲಾಗುತ್ತವೆ. ಅವರ ಸರದಿ ಕೊನೆಗಿರಲಿ, ‘ಅಪಶಕುನ’ ಎಂದು ಬೈಸಿಕೊಂಡವರ ಚೀಟಿಯಿಂದ ಸುತ್ತು ಶುರುವಾಗಲಿ.